ಆನೆ ಇನ್ನೂ ಕೊಳಕ್ಕೆ ಇಳಿದಿಲ್ಲ

ಕಾಪುವಿನ ಸೌಹಾರ್ದ ಸೇವಾ ಕ್ಲಬ್ಬಿನವರು ಆ ಭಾನುವಾರ ಪ್ರಾರ್ಥನೆಗೆಂದು ಎದ್ದು ನಿಂತದ್ದು ಎಲ್ಲರಿಗೂ ನೆನಪಿದೆ. ಕುಳಿತದ್ದು ಯಾವಾಗ ಎಂಬ ವಿಷಯದಲ್ಲಿ ಮಾತ್ರ ಇವತ್ತಿಗೂ ಒಮ್ಮತವಿಲ್ಲ. ಕುಳಿತೇ ಇಲ್ಲ ಎನ್ನುವವರೂ ಇದ್ದಾರೆ. ವೇದಿಕೆಯ ತುದಿಯಲ್ಲಿ ಖಜಾಂಚಿಯಾಗಿ ನಿಂತಿದ್ದ ನನ್ನ ಮೊಣಕಾಲುಗಳು ಆ ಪಕ್ಷದವು.

ನಮ್ಮಂಥ ಕ್ಲಬ್ಬುಗಳಿಗೆಲ್ಲ ಮೇಲೊಬ್ಬ ಗವರ್ನರ್ ಇರುತ್ತಾರೆ. ಸರಕಾರದವರಲ್ಲ, ನಮ್ಮೊಳಗಿನವರೇ. ಆದರೆ ಕೊರಳಿಗೆ ಪದಕಗಳ ಸರ ಹಾಕಿಕೊಂಡು ವರ್ಷಕ್ಕೊಮ್ಮೆ ಭೇಟಿಗೆ ಬಂದಾಗ ಸರಕಾರದವರಿಗಿಂತ ಹೆಚ್ಚು ಹೆದರಿಕೆಯಾಗುತ್ತದೆ. ಆಗ, ಎಂದರೆ ಎರಡು ಸಾವಿರದ ಎರಡನೇ ಇಸವಿಯಲ್ಲಿ, ಗೋವಾದ ರೊಸಾರಿಯೊ ಗವರ್ನರ್. ಮನುಷ್ಯ ಸಮಯದ ವಿಷಯದಲ್ಲಿ ಬಹಳ ಬಿಗಿ ಎಂದು ಕಾರ್ಕಳದ ಕ್ಲಬ್ಬಿನವರು ಮೊದಲೇ ಎಚ್ಚರಿಸಿದ್ದರು. ಅಲ್ಲಿ ಸ್ವಾಗತ ಭಾಷಣ ಮಾಡುವವರು ‘ಕೊನೆಯದಾಗಿ’ ಎಂದು ಎರಡನೇ ಸಲ ಹೇಳಿದ್ದಕ್ಕೆ ರೊಸಾರಿಯೊ ತಾವೇ ಎದ್ದು ಗಂಟೆ ಬಾರಿಸಿ, ಸಭೆ ಮುಗಿಯಿತೆಂದು ಸಾರಿ, ಊಟಕ್ಕೆ ಹೋಗಿಬಿಟ್ಟಿದ್ದರಂತೆ.

ಅಂಥವರ ಕೈಯಿಂದ ನಮಗೆ ಆಗಬೇಕಾಗಿದ್ದದ್ದು ಒಂದು ಉದ್ಘಾಟನೆ. ನಮ್ಮ ಕಡೆ ಮನೆಗೊಬ್ಬ ಮಗ ದುಬಾಯಿಯಲ್ಲಿ, ಇನ್ನೊಬ್ಬ ಮುಂಬಯಿಯಲ್ಲಿ. ಇಲ್ಲಿ ಹಿರಿಯರು ತೀರಿಕೊಂಡರೆ ಮಗ ವಿಮಾನ ಇಳಿದು ಬರುವ ತನಕ ಮೀನಿನ ಬಂದರಿಗೆ ಓಡಿ ಐಸ್ ತರಬೇಕು. ಮೀನಿನ ಐಸಿನ ಮೇಲೆ ಮಲಗಿ ಹೋಗುವುದು ಯಾವ ಮರ್ಯಾದಸ್ಥನಿಗೂ ಒಪ್ಪುವಂಥದ್ದಲ್ಲ. ಆದ್ದರಿಂದ ನಾವು ಒಂದು ವರ್ಷ ಲಕ್ಕಿ ಡಿಪ್ ನಡೆಸಿ, ಹೌಸಿ ಆಡಿಸಿ, ನೆಂಟರಿಷ್ಟರು ನಮ್ಮನ್ನು ಕಂಡರೆ ರಸ್ತೆ ದಾಟಿ ಆಚೆ ಹೋಗುವಷ್ಟು ಚಂದಾ ಎತ್ತಿ, ಒಂದು ಶೀತಲ ಶವಪೆಟ್ಟಿಗೆಯನ್ನು ತರಿಸಿದ್ದೆವು. ಗಾಜಿನ ಮುಚ್ಚಳ, ಒಳಗೆ ಸ್ಟೀಲಿನ ಹಾಸು, ಕೆಳಗೆ ಮೋಟಾರು. ಹೆದ್ದಾರಿ ಪಕ್ಕದ ಹೋಟೆಲಿನ ಮಾಳಿಗೆಯ ಸಭಾಂಗಣದಲ್ಲಿ, ವೇದಿಕೆಯ ಮೇಲೆಯೇ ಅದನ್ನಿಟ್ಟು, ಮುಚ್ಚಳ ತೆಗೆದು, ಸ್ಯಾಟಿನ್ ಬಟ್ಟೆ ಹೊದಿಸಿ, ಕೆಂಪು ರಿಬ್ಬನ್ ಕಟ್ಟಿದ್ದಾಗಿತ್ತು. ಗವರ್ನರರು ಕೈಯಿಟ್ಟು ನೋಡಿದರೆ ತಂಪು ತಗಲಬೇಕೆಂದು ಬೆಳಿಗ್ಗೆಯೇ ಸ್ವಿಚ್ಚು ಹಾಕಿದ್ದರು. ಹಿಂದಿನ ಪರದೆಯಾಚೆ ಕೋರಿ ರೊಟ್ಟಿ ಸಿದ್ಧವಾಗಿತ್ತು, ನನ್ನಂಥ ಸಸ್ಯಾಹಾರಿಗಳಿಗೆ ನೀರುದೋಸೆ. ಕ್ಲಬ್ಬಿನ ಭಾಷೆಯಲ್ಲಿ ಅದಕ್ಕೆ ಫೆಲೋಶಿಪ್ ಎಂದು ಹೆಸರು.

ಗವರ್ನರರ ಕಾರು ಕೆಳಗೆ ಬಂದು ನಿಂತಾಗ ಪ್ರಾರ್ಥನೆಯ ಕ್ಯಾಸೆಟ್ಟನ್ನು ಟೇಪ್ ರೆಕಾರ್ಡರ್ ನುಂಗಿಬಿಟ್ಟಿತು. ಅಧ್ಯಕ್ಷ ಲಿಯೋನೆಲರು ಟೇಪನ್ನು ಹೊರಗೆಳೆದರು. ಅದು ಶ್ಯಾವಿಗೆಯ ಹಾಗೆ ಬರುತ್ತಲೇ ಹೋಯಿತು.

"ದೇವರೇ! ಈಗ ಎಂತ ಮಾಡುವುದು?" ಎಂದು ಅವರು ಸುತ್ತ ನೋಡಿದರು. ಕಣ್ಣಿಗೆ ಬಿದ್ದವರು ಸರ್ವೋತ್ತಮ.

ಸರ್ವೋತ್ತಮರಿಗೆ ಪೇಟೆಯಲ್ಲಿ ಮಿಕ್ಸಿ, ಫ್ಯಾನುಗಳ ಅಂಗಡಿ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಅವರ ಅಜ್ಜ ಊರಿಗೆ ಹೆಸರಾದ ವಾಚಕರು. ಆನೆ ಮೊಸಳೆಯ ಕಥೆಯನ್ನು ತಾವೇ ಷಟ್ಪದಿಯಲ್ಲಿ ಕಟ್ಟಿ ಸಂಜೆಯ ಹೊತ್ತು ರಾಗವಾಗಿ ಓದುತ್ತಿದ್ದರು. ಜಗಲಿಯ ಮೂಲೆಯಲ್ಲಿ ಕುಳಿತು ಅದನ್ನು ಕೇಳುತ್ತಲೇ ನಾನು ದೊಡ್ಡವನಾದದ್ದು. ಅದರ ಹಿಂದಿನ ತಿಂಗಳ ಸಭೆಯಲ್ಲಿ ಸರ್ವೋತ್ತಮ, "ಕ್ಯಾಸೆಟ್ಟಿನಲ್ಲಿ ಎಂತ ಪ್ರಾರ್ಥನೆ ಮಾರಾಯ್ರೆ? ನಮ್ಮ ಅಜ್ಜನ ಪದ್ಯ ಕೇಳಿದರೆ ನೀವು ಕ್ಯಾಸೆಟ್ಟನ್ನು ಬಾವಿಗೆ ಹಾಕುತ್ತೀರಿ" ಎಂದು ಎಲ್ಲರ ಮುಂದೆ ಹೇಳಿದ್ದರು. ಬ್ಯಾನರಿನ ಒಂದು ತುದಿ ಹಿಡಿಯುವುದರ ಹೊರತು ಕ್ಲಬ್ಬಿನಲ್ಲಿ ಬೇರೆ ಕೆಲಸ ಸಿಗದ ಮನುಷ್ಯನ ಮಾತೆಂದು ಆಗ ಯಾರೂ ಗಮನ ಕೊಟ್ಟಿರಲಿಲ್ಲ.

"ಸರ್ವೋತ್ತಮಣ್ಣ, ನಿಮ್ಮ ಅಜ್ಜನದ್ದೇ ಆಗಲಿ," ಎಂದು ಲಿಯೋನೆಲ್ ಕೈ ಹಿಡಿದರು. "ಆದರೆ ಪೂರ್ತಿ ಹೇಳಿ ಆಯ್ತಾ? ಕಳೆದ ವರ್ಷ ಒಬ್ಬರು ಅರ್ಧದಲ್ಲಿ ಮರೆತು ಕೂತುಬಿಟ್ಟರು. ಮರ್ಯಾದೆ ಹೋಯ್ತು. ಅರ್ಧದಲ್ಲಿ ಮಾತ್ರ ಬಿಡಬೇಡಿ."

"ಪೂರ್ತಿಯಾ?" ಎಂದು ಸರ್ವೋತ್ತಮ ಕೇಳಿದರು. ಅವರ ಮುಖ ಬೆಳಗಿತು.

"ಪೂರ್ತಿ, ಪೂರ್ತಿ!"

ಈ ಮಾತನ್ನು ಆಡಿದವರು ಲಿಯೋನೆಲರೇ. ಇದಕ್ಕೆ ನಾನು ಸಾಕ್ಷಿ.

ಸರ್ವೋತ್ತಮರ ಮುಖ ಬೆಳಗಲು ಇನ್ನೊಂದು ಕಾರಣವಿತ್ತು. ಅವರ ಮಗಳು ಚೈತಾಲಿಯನ್ನು ಹೆರಿಗೆಗೆಂದು ಹಿಂದಿನ ದಿನವೇ ಮಣಿಪಾಲದ ಆಸ್ಪತ್ರೆಗೆ ಸೇರಿಸಿದ್ದರು. ಹೆರಿಗೆ ಸ್ವಲ್ಪ ಕಷ್ಟವಾಗಬಹುದೆಂದು ಡಾಕ್ಟರರು ಹೇಳಿದ್ದರಂತೆ. ಅವರ ಹೆಂಡತಿ ಚಂಪಾ, "ನೀವು ಇಲ್ಲಿ ನಿಂತು ಎಂತ ಮಾಡ್ಲಿಕ್ಕುಂಟು? ಬೆವರು ಒರೆಸಿಕೊಳ್ಳುವುದು ಬಿಟ್ಟರೆ? ಕ್ಲಬ್ಬಿಗಾದರೂ ಹೋಗಿ" ಎಂದು ಅಟ್ಟಿದ್ದರು. ಆ ಮನೆಯಲ್ಲಿ ಹೆರಿಗೆಯೆಂದರೆ ಆನೆ ಮೊಸಳೆ ಓದುವುದು ಕ್ರಮ. ಮೊಸಳೆಯ ಬಾಯಿಂದ ಆನೆಯ ಕಾಲು ಬಿಟ್ಟ ಹಾಗೆ ತಾಯಿಯೂ ಮಗುವೂ ಸಲೀಸಾಗಿ ಬಿಡುಗಡೆಯಾಗಲಿ ಎಂದು. ಅದಕ್ಕೆ ಅಜ್ಜನದೊಂದು ಕಟ್ಟಳೆಯೂ ಇತ್ತು: ಮೊಸಳೆ ಬಾಯಿ ಹಾಕುವ ತನಕ ಯಾವಾಗ ಬೇಕಾದರೂ ನಿಲ್ಲಿಸಬಹುದು, ಹಾಕಿದ ಮೇಲೆ, ಆನೆ ದಡಕ್ಕೆ ಬರುವ ತನಕ, ಮನೆಗೆ ಬೆಂಕಿ ಬಿದ್ದರೂ ನಿಲ್ಲಿಸಕೂಡದು.

ಗವರ್ನರರು ಬಂದರು. ಲಿಯೋನೆಲ್ ಗಂಟೆ ಬಾರಿಸಿದರು. ಸಾರ್ಜೆಂಟ್ ಡೊಮಿನಿಕ್, ಎಂದರೆ ಶಿಸ್ತು ನೋಡಿಕೊಳ್ಳುವ ಪದಾಧಿಕಾರಿ, "ಪ್ರಾರ್ಥನೆ! ಎಲ್ಲರೂ ಎದ್ದು ನಿಲ್ಲಿ!" ಎಂದು ಕೂಗಿದರು. ಸಭೆ ಎದ್ದಿತು. ಸರ್ವೋತ್ತಮ ಕಣ್ಣು ಮುಚ್ಚಿ ಗಣಪತಿಯ ಸ್ತುತಿ ಎತ್ತಿಕೊಂಡರು.

ಕಂಠ ಚೆನ್ನಾಗಿತ್ತು. ಲಿಯೋನೆಲ್ ಹೆಮ್ಮೆಯಿಂದ ಗವರ್ನರರ ಕಡೆ ನೋಡಿದರು. ಸ್ತುತಿ ಮುಗಿಯಿತು. ಸಭೆಯ ಸೊಂಟಗಳು ಕುರ್ಚಿಯ ಅರ್ಧಕ್ಕೆ ಇಳಿದವು. ಅಷ್ಟರಲ್ಲಿ ಸರಸ್ವತಿ ಬಂದಳು. ಸೊಂಟಗಳು ಮೇಲಕ್ಕೆ ಹೋದವು. ಸರಸ್ವತಿಯ ನಂತರ ಗುರುಗಳು, ಗುರುಗಳ ನಂತರ ಗುರುಗಳ ಗುರುಗಳು. ಅದಾದ ಮೇಲೆ ಕಾಡಿನ ವರ್ಣನೆ ಆರಂಭವಾಯಿತು. ಅಜ್ಜನಿಗೆ ಹೆಬ್ರಿಯಾಚೆಯ ಕಾಡು ಚೆನ್ನಾಗಿ ಪರಿಚಯ. ಒಂದು ಮರವನ್ನೂ ಅವರು ಬಿಟ್ಟಿರಲಿಲ್ಲ.

ಲಿಯೋನೆಲ್ ನನ್ನ ಕಡೆ ವಾಲಿದರು. "ನಿಮಗೆ ಇದು ಗೊತ್ತುಂಟಲ್ಲ? ಇನ್ನೆಷ್ಟು ಉಂಟು?"

"ಆನೆ ಇನ್ನೂ ಕೊಳಕ್ಕೆ ಇಳಿದಿಲ್ಲ."

"ಆನೆಯಾ?" ಎಂದು ಅವರು ನನ್ನ ತೋಳು ಹಿಡಿದರು. "ಪ್ರಾರ್ಥನೆಯಲ್ಲಿ ಆನೆ ಎಂತಕೆ? ಇಳಿದ ಮೇಲೆ ಮುಗೀತದಾ?"

"ಇಳಿದ ಮೇಲೆ ಮೊಸಳೆ ಉಂಟು."

ಲಿಯೋನೆಲರ ಕೊರಳಿನ ಅಧ್ಯಕ್ಷ ಪದಕ ನಡುಗಿತು. ನಾನು ಕಟ್ಟಳೆಯನ್ನು ತಿಳಿಸಿದೆ. ನಿಲ್ಲಿಸುವುದಾದರೆ ಈಗಲೇ, ಮೊಸಳೆ ಬಾಯಿ ಹಾಕಿತೆಂದರೆ ಅವರ ಮಗಳ ಹೆರಿಗೆಯ ಪ್ರಶ್ನೆ, ಮತ್ತೆ ಅವರ ಬಾಯಿಯನ್ನು ಯಾರೂ ಮುಚ್ಚಿಸಲಾಗದು. ಲಿಯೋನೆಲ್ ಕೂಡಲೇ ಒಂದು ಉಪಾಯ ಹೂಡಿದರು. ಪದ್ಯ ಮುಗಿಯುವ ಜಾಗ ನೋಡಿ ಜೋರಾಗಿ ಚಪ್ಪಾಳೆ ತಟ್ಟಿದರು. ಸಭೆ ಬದುಕಿದೆನೆಂದು ಚಪ್ಪಾಳೆಯ ಮಳೆ ಸುರಿಸಿತು.

ನಾನು ಬೇಡವೆಂದು ಕೈಯಾಡಿಸಿದೆ, ತಡವಾಗಿತ್ತು. ಚಪ್ಪಾಳೆ ಬಿದ್ದರೆ ಅದೇ ಪದ್ಯವನ್ನು ಇನ್ನೊಂದು ರಾಗದಲ್ಲಿ ಮೊದಲಿಂದ ಓದುವುದು ಅಜ್ಜನ ಕಾಲದ ಮರ್ಯಾದೆ.

ಸರ್ವೋತ್ತಮ ತೃಪ್ತಿಯಿಂದ ತಲೆಯಾಡಿಸಿ, ಮೋಹನದಿಂದ ಕಾಂಬೋದಿಗೆ ಏರಿ, ಕಾಡಿನ ಮರಗಳನ್ನು ಇನ್ನೊಮ್ಮೆ ಎಣಿಸಿದರು.

"ಮೈಕ್! ಮೈಕ್ ತೆಗೆಯಿರಿ!" ಎಂದು ಲಿಯೋನೆಲ್ ಸನ್ನೆ ಮಾಡಿದರು. ಯಾರೋ ವಯರು ಎಳೆದರು. ಸರ್ವೋತ್ತಮ, ಕಣ್ಣು ಮುಚ್ಚಿಕೊಂಡೇ, ಕರೆಂಟು ಹೋಯಿತೆಂದು ತಿಳಿದು ಸ್ವರವನ್ನು ಎತ್ತರಿಸಿದರು. ಮೈಕಿನಲ್ಲಿ ಸಭಾಂಗಣಕ್ಕೆ ಮಾತ್ರ ಕೇಳುತ್ತಿದ್ದದ್ದು ಈಗ ಹೆದ್ದಾರಿಗೂ ಕೇಳತೊಡಗಿತು. ಕೆಳಗೆ ಉಡುಪಿ ಬಸ್ಸಿಗೆ ಕಾದವರು ತಲೆಯೆತ್ತಿ ನೋಡಿದರು. ಪಕ್ಕದ ಕೋಣೆಯ ಗೋಡೆಗೆ ಗಾರೆ ಮಾಡುತ್ತಿದ್ದ ಬಾಗಲಕೋಟೆ ಕಡೆಯ ಬೀರಪ್ಪ ಕರಣೆಯನ್ನು ಕೆಳಗಿಟ್ಟು, ಬಾಗಿಲಿಗೆ ಬಂದು, ಕೈಮುಗಿದು ನಿಂತ. ಈ ಗೊಂದಲದ ನಡುವೆ ಆನೆ ಕೊಳಕ್ಕೆ ಇಳಿಯಿತು. ನೀರು ಕುಡಿಯಿತು. ಹೆಂಡಿರ ಮೇಲೆ ನೀರೆರಚಿತು.

ಮೊಸಳೆ ಬಾಯಿ ಹಾಕಿತು.

ನಾನು ಲಿಯೋನೆಲರ ಕಡೆ ನೋಡಿ ಕೈ ಚೆಲ್ಲಿದೆ.

ಗವರ್ನರ್ ರೊಸಾರಿಯೊ ಇಷ್ಟು ಹೊತ್ತೂ ಕಲ್ಲುಕಂಬದ ಹಾಗೆ ನಿಂತಿದ್ದರು. ಪ್ರಾರ್ಥನೆಯ ನಡುವೆ ಗಂಟೆ ಬಾರಿಸುವಷ್ಟು ಬಿಗಿ ಅವರಲ್ಲೂ ಇರಲಿಲ್ಲ. ಈಗ ಅವರು ಗಡಿಯಾರ ನೋಡಿ, ಲಿಯೋನೆಲರ ಕಿವಿಯಲ್ಲಿ ಕೊಂಕಣಿಯಲ್ಲಿ ಗುಡುಗಿದರು. ಬಜ್ಪೆಯಿಂದ ಮಧ್ಯಾಹ್ನ ವಿಮಾನ ಇದೆ, ಇದು ಎಂತ ಪ್ರಾರ್ಥನೆ, ಇದರ ಅರ್ಥವಾದರೂ ಏನು?

ಲಿಯೋನೆಲ್ ಹಣೆ ಒರೆಸಿಕೊಂಡು ಕೊಂಕಣಿಯಲ್ಲೇ ವಿವರಿಸಿದರು. ಒಂದು ಆನೆ. ಅದು ಕೊಳಕ್ಕೆ ಇಳಿದಿದೆ. ಮೊಸಳೆ ಕಾಲು ಹಿಡಿದಿದೆ.

"ಮಾಗಿರ್?" ಎಂದರು ರೊಸಾರಿಯೊ. ಆಮೇಲೆ?

ಲಿಯೋನೆಲ್ ನನ್ನನ್ನು ನೋಡಿದರು. ನಾನು ಹೇಳಿದೆ: ಆನೆ ದಡಕ್ಕೆ ಎಳೆಯುತ್ತದೆ, ಮೊಸಳೆ ನೀರಿಗೆ ಎಳೆಯುತ್ತದೆ. ಲಿಯೋನೆಲ್ ಅದನ್ನು ದಾಟಿಸಿದರು.

"ಮಾಗಿರ್?"

"ಉಳಿದ ಆನೆಗಳು ಸೊಂಡಿಲು ಹಿಡಿದು ಎಳೆಯುತ್ತವೆ. ಆಗುವುದಿಲ್ಲ. ಅವು ಬಿಟ್ಟು ಹೋಗುತ್ತವೆ."

"ಬಿಟ್ಟು ಹೋಗುತ್ತವೆಯಾ? ಸ್ವಂತದವರು?" ರೊಸಾರಿಯೊ ಅವರ ಮುಖದಲ್ಲಿ ಗಾಬರಿ ಕಂಡಿತು. "ಮಾಗಿರ್?"

ಸಭೆಯ ಸ್ಥಿತಿ ಅಷ್ಟು ಹೊತ್ತಿಗೆ ಕರುಣಾಜನಕವಾಗಿತ್ತು. ಮೇ ತಿಂಗಳ ಸೆಕೆ. ಪರದೆಯ ಹಿಂದಿನಿಂದ ಕೋಳಿ ಸಾರಿನ ಪರಿಮಳ. ಒಬ್ಬ ಮಹಿಳೆ ಮೆಲ್ಲನೆ ಕುರ್ಚಿಗೆ ಒರಗಿದರೆ ಡೊಮಿನಿಕ್, "ಪ್ರಾರ್ಥನೆ ಅಲ್ವಾ? ಏಳಿ, ಏಳಿ" ಎಂದು ಕಣ್ಣು ಬಿಡುತ್ತಿದ್ದರು. ಶಿಸ್ತಿನ ಆ ಮೂರ್ತಿಗೆ ಸಕ್ಕರೆ ಕಾಯಿಲೆ. ಫೆಲೋಶಿಪ್ಪಿಗೆ ನ್ಯಾಯ ಒದಗಿಸಬೇಕೆಂದು ಬೆಳಗಿನ ತಿಂಡಿಯನ್ನೂ ಬಿಟ್ಟಿದ್ದರು. ಆನೆಯ ಬಲ ಕುಂದಿತೆಂಬ ಪದ್ಯ ಬಂದಾಗ ಡೊಮಿನಿಕರ ಬಲವೂ ಕುಂದಿತು. "ಏಳಿ" ಎಂದವರೇ ವೇದಿಕೆಯ ಬುಡದಲ್ಲಿ ಬಿದ್ದರು.

ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಪ್ರಾರ್ಥನೆ ನಡೆಯುತ್ತಿದೆ, ಕೂಗುವ ಹಾಗಿಲ್ಲ, ಓಡುವ ಹಾಗಿಲ್ಲ. ಬೀರಪ್ಪ ಒಬ್ಬನೇ ಬಾಗಿಲಿನಿಂದ ಬಂದು ಡೊಮಿನಿಕರನ್ನು ಸಿಮೆಂಟಿನ ಚೀಲದ ಹಾಗೆ ಎತ್ತಿಕೊಂಡ. ಮಲಗಿಸಲು ಜಾಗ ಹುಡುಕಿದ. ಸ್ಯಾಟಿನ್ ಬಟ್ಟೆಯ ಕೆಳಗಿನಿಂದ ತಣ್ಣಗೆ ಗಾಳಿ ಬರುತ್ತಿತ್ತು. ಬಟ್ಟೆಯನ್ನು ಸರಿಸಿದ, ಅಡ್ಡ ಬಂದ ರಿಬ್ಬನ್ನನ್ನು ಕಿತ್ತ, ಒಳಗೆ ಮಲಗಿಸಿದ.

"ಅದರಲ್ಲಿ ಬೇಡ ಮಾರಾಯಾ!" ಎಂದು ನಾನು ಪಿಸುಗುಟ್ಟಿದೆ.

"ಭಾಳ ತಂಪೈತ್ರೀ ಸಾಹೇಬ್ರ ಇದರಾಗ," ಎಂದು ಅವನೂ ಪಿಸುಗುಟ್ಟಿದ. "ಗಾಳಿ ಆಡಲಿ ಬಿಡ್ರಿ, ಎಚ್ಚರ ಆಗ್ತಾರ."

ಅವನ ಮಾತಿನಲ್ಲಿ ವೈದ್ಯಶಾಸ್ತ್ರದ ದೃಷ್ಟಿಯಿಂದ ದೋಷವಿರಲಿಲ್ಲ. ಲಿಯೋನೆಲ್ ಗವರ್ನರರಿಗೆಂದು ತಂದ ಹೂಗುಚ್ಛವನ್ನು ಎಷ್ಟು ಹೊತ್ತಿನಿಂದಲೋ ಹಿಡಿದು ಕೈಸೋತು ನಿಂತಿದ್ದರು. ಡೊಮಿನಿಕರ ನಾಡಿ ನೋಡಬೇಕೆಂದು ಬಗ್ಗಿದವರು ಅದನ್ನು ಅವರ ಎದೆಯ ಮೇಲಿಟ್ಟರು. ನಾಡಿ ಇತ್ತು. ಹೂಗುಚ್ಛ ಅಲ್ಲೇ ಉಳಿಯಿತು. ತಲೆಯ ಕಡೆ ಪ್ರಾರ್ಥನೆಯ ದೀಪ, ಊದುಬತ್ತಿ ಮೊದಲೇ ಇದ್ದವು.

ಡೊಮಿನಿಕರ ಹೆಂಡತಿ ವೆರೊನಿಕಾ ಮಣಿಪಾಲದ ಆಸ್ಪತ್ರೆಯಲ್ಲಿ ನರ್ಸು. ರಾತ್ರಿ ಪಾಳಿ ಮುಗಿಸಿ, ಉಡುಪಿಯಲ್ಲಿ ಬಸ್ಸು ಬದಲಿಸಿ, ಊಟದ ಹೊತ್ತಿಗೆ ಬರುತ್ತೇನೆಂದು ಹೇಳಿದ್ದರು. ಒಳಗೆ ಸರ್ವೋತ್ತಮರ ಧ್ವನಿ ತಾರಕಕ್ಕೇರಿತ್ತು.

ಕೊಳದ ಮೊಸಳೆಯು ಕಾಲ ಹಿಡಿದಿರೆ
ಬಳಲಿ ಕೂಗಿತು ಕರಿಯು ಸೊಂಡಿಲ
ನಳಿನವೊಂದನು ಮೇಲಕೆತ್ತುತ ಬಾರೊ ದೇವನೆ ನೀ

ರೊಸಾರಿಯೊ ಅವರ ಕಣ್ಣಲ್ಲಿ ನೀರಿತ್ತು. ಸಭೆಯೆಲ್ಲ ತಲೆ ತಗ್ಗಿಸಿ ನಿಂತಿತ್ತು, ಭಕ್ತಿಗಿಂತ ಹೆಚ್ಚಾಗಿ ಕುತ್ತಿಗೆ ನೋವಿನಿಂದ. ಆಗ ವೆರೊನಿಕಾ ಬಾಗಿಲಿಗೆ ಬಂದರು. ಅವರಿಗೆ ಕಂಡದ್ದು ಇಷ್ಟು: ಮೌನವಾಗಿ ನಿಂತ ಕ್ಲಬ್ಬು, ಅಳುತ್ತಿರುವ ಗವರ್ನರ್, ದೀಪ, ಊದುಬತ್ತಿಯ ಹೊಗೆ, ಹೊಸ ಪೆಟ್ಟಿಗೆ, ಅದರೊಳಗೆ ಎದೆಯ ಮೇಲೆ ಹೂವು ಹೊತ್ತುಕೊಂಡ ಗಂಡ.

ಆ ಕಿರುಚಾಟವನ್ನು ಮೂಳೂರಿನವರೂ ಕೇಳಿದ್ದಾರೆಂದು ಹೇಳುತ್ತಾರೆ.

ಸರ್ವೋತ್ತಮ ಮೊದಲ ಬಾರಿಗೆ ಕಣ್ಣು ತೆರೆದರು. ಪೆಟ್ಟಿಗೆಯಲ್ಲಿ ಡೊಮಿನಿಕ್!  ಓದು ನಿಂತಿತು. ವೆರೊನಿಕಾ ಕುರ್ಚಿಗಳನ್ನು ಉರುಳಿಸಿಕೊಂಡು ಬಂದರು. "ಯಾರಿಗೂ ಒಂದು ಫೋನ್ ಮಾಡ್ಲಿಕ್ಕೆ ಆಗಲಿಲ್ವಾ? ಇಷ್ಟು ಬೇಗ ಪೆಟ್ಟಿಗೆಗೆ ಹಾಕಿದಿರಾ? ಉದ್ಘಾಟನೆಗೆ ಬೇರೆ ಯಾರೂ ಸಿಗಲಿಲ್ವಾ ನಿಮಗೆ?" ಎನ್ನುತ್ತ ಗಂಡನ ಎದೆಯ ಮೇಲಿನ ಹೂವನ್ನು ಕಿತ್ತೆಸೆದು, ಅಭ್ಯಾಸಬಲದಿಂದ ನಾಡಿ ಹಿಡಿದು, ಅದು ಗಟ್ಟಿಯಾಗಿ ಹೊಡೆಯುತ್ತಿರುವುದನ್ನು ಕಂಡು, ಕೆನ್ನೆಗೆ ಅಷ್ಟೇ ಗಟ್ಟಿಯಾಗಿ ಹೊಡೆದರು.

ಡೊಮಿನಿಕ್ ಎದ್ದು ಕುಳಿತರು.

ನಮ್ಮ ಕ್ಲಬ್ಬಿನಲ್ಲಿ ಅಷ್ಟೊಂದು ಜನ ಒಟ್ಟಿಗೆ ಏಸುವನ್ನೂ ನಾರಾಯಣನನ್ನೂ ಕರೆದದ್ದು ಅದೇ ಮೊದಲು. ಒಬ್ಬಿಬ್ಬರು ಕೋರಿ ರೊಟ್ಟಿಯ ಮೇಜಿನಡಿಗೆ ಹೋದರು. ಡೊಮಿನಿಕ್ ಮಾತ್ರ ನಡುಗುತ್ತ ಸುತ್ತ ನೋಡಿ, "ಎಂತ, ಮೊಸಳೆ ಬಿಟ್ಟಿತಾ?" ಎಂದು ಕೇಳಿದರು.

ಅವರ ಬಾಯಿಗೆ ಬೆಲ್ಲದ ನೀರು ಹಾಕಿ ಬೆಚ್ಚಗೆ ಮಾಡಿದ ಮೇಲೆ ವೆರೊನಿಕಾ ಉಸಿರು ಬಿಟ್ಟು ಸರ್ವೋತ್ತಮರ ಕಡೆ ತಿರುಗಿದರು. "ಇದೆಲ್ಲ ನೋಡಿ ನಾನು ಮರೆತೇಬಿಟ್ಟೆ. ಚೈತಾಲಿಗೆ ಹೆಣ್ಣು ಮಗು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ನಾನು ಹೊರಡುವ ಮೊದಲೇ ಆಗಿತ್ತು. ಆಗಲೇ ಹೇಳುವ ಅಂದರೆ ಎಲ್ಲರದ್ದೂ ಮೊಬೈಲ್ ಬಂದ್!"

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಮಗು ಹುಟ್ಟಿದಾಗ ಆನೆ ಇನ್ನೂ ಕಾಡಿನಲ್ಲಿತ್ತು. ಬಹುಶಃ ಎರಡನೇ ರಾಗದಲ್ಲಿ.

ಸರ್ವೋತ್ತಮ ಕೈಯೆತ್ತಿ ದೇವರಿಗೆ ಮುಗಿದು, ಚಪ್ಪಲಿ ಹುಡುಕತೊಡಗಿದರು. ಬಾಗಿಲಲ್ಲಿ ರೊಸಾರಿಯೊ ಅಡ್ಡ ನಿಂತಿದ್ದರು. ಕೊಂಕಣಿಯಲ್ಲಿ ಏನೋ ಕೇಳಿದರು. ಲಿಯೋನೆಲ್ ಕನ್ನಡಕ್ಕೆ ತಂದರು: "ಆನೆ ಎಂತ ಆಯ್ತು ಅಂತ ಕೇಳ್ತಾರೆ."

"ಮಗು ಹುಟ್ಟಿತಲ್ಲ ಸರ್, ಇನ್ನು ಅವಸರ ಇಲ್ಲ," ಎಂದು ಸರ್ವೋತ್ತಮ ನುಸುಳಿಕೊಂಡು ಮೆಟ್ಟಿಲಿಳಿದರು.

ಗವರ್ನರರು ಲಿಯೋನೆಲರನ್ನೂ ನನ್ನನ್ನೂ ಕೈಹಿಡಿದು ಎಳೆದುಕೊಂಡೇ ಅವರ ಬೆನ್ನು ಹತ್ತಿದರು. ಬಜ್ಪೆಗೆ ಹೋಗಬೇಕಾದ ಕಾರು ಮಣಿಪಾಲಕ್ಕೆ ತಿರುಗಿತು.  ಉದ್ಯಾವರ ದಾಟಿದ ಮೇಲೆ ಲಿಯೋನೆಲ್, "ನೀರುದೋಸೆ ತಣಿಯಿತು" ಎಂದು ಒಮ್ಮೆ ಹೇಳಿದರು.

ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲಿ ಚಂಪಾ ನಿಂತಿದ್ದರು. ಗಂಡನ ಹಿಂದೆ ಪದಕದ ಸರ ಹಾಕಿಕೊಂಡ ಇಬ್ಬರು ಸೂಟುಧಾರಿಗಳನ್ನು ಕಂಡು, "ಯಾರಿವರು, ದೊಡ್ಡ ಡಾಕ್ಟರಾ?" ಎಂದು ಸೆರಗು ಸರಿಮಾಡಿಕೊಂಡರು. ಬಳಿಕ ಗಂಡನ ಒಣಗಿದ ತುಟಿ ನೋಡಿ, "ಓದಿದಿರಾ?" ಎಂದು ಕೇಳಿದರು.

"ಓದಿದೆ."

"ಮುಗಿಸಿದಿರಾ?"

ಸರ್ವೋತ್ತಮ ನೆಲ ನೋಡಿದರು. "ದೇವರು ಹೊರಟಿದ್ದಾರೆ. ತಲುಪಲಿಲ್ಲ."

ಚಂಪಾ ಅವರ ಕಣ್ಣು ದೊಡ್ಡದಾಯಿತು. "ಆನೆಯನ್ನು ಮೊಸಳೆಯ ಬಾಯಲ್ಲಿ ಬಿಟ್ಟು ಮೊಮ್ಮಗಳ ಮುಖ ನೋಡ್ಲಿಕ್ಕೆ ಬಂದದ್ದಾ? ನಾಳೆ ಮಗು ಕೆಮ್ಮಿದರೂ ನಿಮ್ಮ ತಲೆಗೇ ಬರುತ್ತದೆ, ನೆನಪಿರಲಿ. ಮೊದಲು ಅದನ್ನು ದಡಕ್ಕೆ ತನ್ನಿ!" ಎಂದು ಬಾಗಿಲು ಹಾಕಿಕೊಂಡರು.

ಸರ್ವೋತ್ತಮ ಮುಚ್ಚಿದ ಬಾಗಿಲನ್ನು ನೋಡಿದರು. ಒಳಗೆ ಮಗು ಒಮ್ಮೆ ಅತ್ತಿತು.  ಗೋಡೆಯ ಮೇಲೆ ‘ನಿಶ್ಶಬ್ದ’ ಎಂದು ಬರೆದದ್ದರ ಕೆಳಗೆ ನಿಂತು, ತಗ್ಗಿದ ಸ್ವರದಲ್ಲಿ ಬಿಟ್ಟಲ್ಲಿಂದ ಹಿಡಿದರು.

ಯಾರೋ ಗವರ್ನರರಿಗೆ ಬೆಂಚು ತೋರಿಸಿದರು. ರೊಸಾರಿಯೊ ಬೇಡವೆಂದು ತಲೆಯಾಡಿಸಿ ಅಲ್ಲೇ ಸೆಟೆದು ನಿಂತರು. ಪ್ರಾರ್ಥನೆಗೆ ಕುಳಿತುಕೊಳ್ಳುವುದುಂಟೇ? ಅವರನ್ನು ನೋಡಿ ಲಿಯೋನೆಲ್ ನಿಂತರು, ನಾನು ನಿಂತೆ. ನಮ್ಮನ್ನು ನೋಡಿ ಹೆರಿಗೆಗೆ ಕಾದಿದ್ದ ನಾಲ್ಕೂರಿನ ಗಂಡಂದಿರು, ಅತ್ತೆಯರು, ಫ್ಲಾಸ್ಕು ಹಿಡಿದ ಮಾವಂದಿರು ಒಬ್ಬೊಬ್ಬರಾಗಿ ಎದ್ದರು. ಗದರಿಸಲು ಬಂದ ನರ್ಸೂ ಅರೆಗಳಿಗೆ ನಿಂತುಬಿಟ್ಟಳು. ಗರುಡ ಬಂದ. ಚಕ್ರ ಹೊರಟಿತು. ಆನೆ ಕಾಲು ಬಿಡಿಸಿಕೊಂಡು ದಡ ಹತ್ತಿತು. ಬಾಗಿಲು ತೆರೆಯಿತು. ಚಂಪಾ ಬಿಳಿ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ತಂದು ಸರ್ವೋತ್ತಮರ ಕೈಯಲ್ಲಿಟ್ಟರು. ಅವರು ಅದನ್ನು ಎದೆಗೊತ್ತಿ ತೂಗತೊಡಗಿದರು.

ಲಿಯೋನೆಲ್ ಗೋಡೆಗೆ ಒರಗಿ, ಎಲ್ಲವೂ ಮುಗಿಯಿತೆಂಬ ನೆಮ್ಮದಿಯಿಂದ ಬೆಂಚಿನ ಕಡೆ ಇಳಿಯತೊಡಗಿದರು. ಅರ್ಧ ಇಳಿದಿದ್ದರು. ಆಗ ರೊಸಾರಿಯೊ ಕಣ್ಣೊರೆಸಿಕೊಂಡು, ಲಿಯೋನೆಲರ ತೋಳು ಮುಟ್ಟಿ, ಏನೋ ಕೇಳಿದರು. ಲಿಯೋನೆಲ್ ಅದನ್ನು ಕನ್ನಡಕ್ಕೆ ತರಲೇ ಇಲ್ಲ. ಬಿಳಿಚಿಕೊಂಡು ನನ್ನನ್ನು ನೋಡಿದರು. ಆದರೆ ಕೊಂಕಣಿ ಸರ್ವೋತ್ತಮರಿಗೂ ಸ್ವಲ್ಪ ಬರುತ್ತದೆ.

"ಮೊಸಳೆ ಎಂತ ಆಯ್ತು ಅಂತ ಕೇಳ್ತಾರಾ?" ಎಂದು ಅವರು ಮಗುವನ್ನು ತೂಗುತ್ತಲೇ ಸಂತೋಷದಿಂದ ತಲೆಯೆತ್ತಿದರು. "ಅದಕ್ಕೆ ಅಜ್ಜ ಬೇರೆಯೇ ಒಂದು ಸಂಧಿ ಕಟ್ಟಿದ್ದಾರೆ."

ರೊಸಾರಿಯೊ ಎರಡೂ ಕೈಗಳಿಂದ ಸೂಟಿನ ಮಡಿಕೆ ಸರಿಮಾಡಿಕೊಂಡು, ಹಿಮ್ಮಡಿ ಕೂಡಿಸಿ, ನೆಟ್ಟಗೆ ನಿಂತರು. ಬೆಂಚಿಗೆ ಇನ್ನೇನು ತಗಲಲಿದ್ದ ಲಿಯೋನೆಲ್ ಮೆಲ್ಲನೆ ಮೇಲಕ್ಕೆ ಬಂದರು.